ಕಡ ತಂದ ಗುಡ್ಡ

ಶನಿವಾರವಾಡೆಯ ಟಿಕೇಟು ಕಿಟಕಿಯಲ್ಲಿ
ನನಗೆ ಇಪ್ಪತ್ತೈದು, ಅವರಿಗೆ ಮುನ್ನೂರು.
ಬೆಳಗಿನ ಮೊದಲ ಅನುವಾದ ಅದೇ ಆಯಿತು.
ಮೊರಿಶಿಗೆ ಸಾನ್ ನಕ್ಕು, ಎರಡೂ ಕೈಯಲ್ಲಿ ನೋಟು ನೀಡಿದರು,
ಪೂಜಾರಿಗೆ ಹಣ್ಣುಕಾಯಿ ಕೊಡುವ ಹಾಗೆ.

ಒಳಗೆ ಕೋಟೆಯಿದೆ, ಮನೆಯಿಲ್ಲ.
ಆನೆ ಗುದ್ದದಿರಲೆಂದು ಮೊಳೆ ಜಡಿದ ಬಾಗಿಲು,
ಬಾಗಿಲ ಹಿಂದೆ ಜಗಲಿ, ಜಗಲಿಯ ಮೇಲೆ ಹುಲ್ಲು,
ಕಂಬ ನಿಂತಿದ್ದ ಕಡೆ ಕಲ್ಲಿನ ಕುಳಿ,
ಕುಳಿಯಲ್ಲಿ ನಿನ್ನೆಯ ಮಳೆ, ಒಂದು ಚಿಪ್ಸಿನ ಚೀಟಿ.
ಏಳು ದಿನ ಉರಿಯಿತಂತೆ, ಎಂದೆ.
ಯಾರು ಹಚ್ಚಿದ್ದು? ಕೇಳಿದರು.
ಗೊತ್ತಿಲ್ಲ ಅನ್ನುವುದಕ್ಕೆ ಅವರ ಭಾಷೆಯಲ್ಲಿ
ಮೂರು ಮೆಟ್ಟಿಲು ವಿನಯ.
ನಾನು ನಡುವಿನದರ ಮೇಲೆ ನಿಂತೆ.
ಮತ್ತೆ ಯಾವಾಗ ಕಟ್ಟುತ್ತೀರಿ?
ಇದನ್ನು ನನಗೇ ಕೇಳಿದ್ದು;
ತಿರುಗಿಸಿ ಹೇಳಲು ಎದುರಿಗೆ ಯಾರೂ ಇರಲಿಲ್ಲ.

ಸ್ವಾರಗೇಟಿನ ಸಿಗ್ನಲ್ಲಿನಲ್ಲಿ, ರಿಕ್ಷಾದ ಸದ್ದು ತಗ್ಗಿದಾಗ
ತಾವಾಗಿ ಶುರು ಮಾಡಿದರು:
ಒಕಾಯಾಮಾದಲ್ಲಿ ನಮ್ಮದೊಂದಿತ್ತು, ಕಪ್ಪನೆಯದು.
ಕಾಗೆಕೋಟೆ ಅಂತಿದ್ದೆವು.
ನನಗಾಗ ಐದು ವರ್ಷ. ಅಜ್ಜಿಯ ಬೆನ್ನ ಮೇಲಿದ್ದೆ.
ಮೇಲೆ ನೋಡಬೇಡ ಅಂದಿದ್ದಳು.
ಹೊಳೆಯೊಳಗೆ ತಲೆಕೆಳಗಾಗಿ ಉರಿಯುತ್ತಿದ್ದುದಕ್ಕೆ
ಅಡ್ಡಿ ಹೇಳಿರಲಿಲ್ಲ.
ಈಗ ಮತ್ತೆ ಇದೆ. ಸಿಮೆಂಟಿನದು. ಲಿಫ್ಟೂ ಇದೆ,
ಮಂಡಿ ಬಾಗಿಸದೆ ಮೇಲೆ ಹೋಗಬಹುದು.
ಚೆನ್ನಾಗಿದೆ, ಎಂದರು.
ಆ ಚೆನ್ನಾಗಿದೆಗೆ ಉಪ್ಪು ಹಾಕಿರಲಿಲ್ಲ.

ಸಿಂಹಗಡ ರಸ್ತೆಯ ತೋಟ ಕಂಪನಿಯ ಪಟ್ಟಿಯಲ್ಲಿತ್ತು.
ಅವರೂರಿನ ತೋಟ ನೋಡಿ ಮಾಡಿದ ತೋಟ:
ನಡುಬಾಗಿದ ಸೇತುವೆ, ಕಲ್ಲಿನ ದೀಪ,
ಪುಣೆಯ ಕಾಲುವೆಯಿಂದ ಬಂದು
ಜಪಾನಿ ನಡಿಗೆ ಕಲಿಯುತ್ತಿರುವ ನೀರು.
ಸೇತುವೆಯ ಮೇಲೆ ನಿಂತು, ಬೆರಳಲ್ಲಿ ಚೌಕಟ್ಟು ಕಟ್ಟಿ
ಪರ್ವತಿ ಗುಡ್ಡವನ್ನು ಅದರೊಳಗೆ ಹಿಡಿದರು.
ನಮ್ಮಲ್ಲಿ ಈ ಜಾಗದಲ್ಲಿ ಕೋಟೆ ಕಾಣುತ್ತದೆ.
ಬೇಲಿಯಾಚೆಯ ದೂರವನ್ನೂ
ತೋಟದ ಲೆಕ್ಕಕ್ಕೆ ಬರೆದುಕೊಳ್ಳುವುದು ನಮ್ಮ ರೂಢಿ.
ಶಕ್ಕೇ ಅನ್ನುತ್ತೇವೆ.

ಸೇತುವೆಯ ಬುಡದಲ್ಲಿ, ಕುಕ್ಕರಗಾಲಲ್ಲಿ ಕೂತು
ಕಳೆ ಕೀಳುತ್ತಿದ್ದ ಹೆಂಗಸು ಗುರುಬಾಯಿ.
ನಾನು ಫೋನಿನಲ್ಲಿ ಅವ್ವನೊಡನೆ ಆಡಿದ ಮಾತು
ಆಗಲೇ ಅವಳ ಕಿವಿಗೆ ಬಿದ್ದಿತ್ತು.
ತಲೆ ಎತ್ತದೆ ಕೇಳಿದಳು, ಅಕ್ಕಲಕೋಟೆಯ ಕನ್ನಡದಲ್ಲಿ:
"ಏನಂತಾನವಾ ಮುತ್ಯಾ?"
"ಆ ಗುಡ್ಡಾ ಈ ತ್ವಾಟಕ್ಕ ಕಡಾ ತಂದಾರಂತ."
"ಹೆಪ್ಪಿಗೆ ಮಜ್ಜಿಗಿ ತಂದಂಗೇನು?
ಮತ್ತ ಹೊಳ್ಳಿ ಕೊಡೂದು ಯಾವಾಗ?"

ಇಲ್ಲಿ ನಾನು ಸಿಕ್ಕಿಬಿದ್ದೆ.
ಅವರಲ್ಲಿ ಮೊಸರು ಅಂಗಡಿಯಿಂದ ಬರುತ್ತದೆ.
ಸಂಜೆ, ನೆರೆಮನೆ, ಸೆರಗಿನಡಿಯ ಬಟ್ಟಲು,
ತುಸು ಹುಳಿ, ರಾತ್ರಿಯಿಡೀ ಯಾರೂ ಅಲುಗಿಸದೆ
ಬೆಳಗಿನೊಳಗೆ ಹೆಪ್ಪುಗಟ್ಟಿದ ಹಾಲು:
ಅರ್ಧ ಮಾತು, ಅರ್ಧ ಕೈಸನ್ನೆ,
ಎರಡೂ ತುಸು ತಪ್ಪಾಗಿಯೇ ಹೇಳಿದೆ.

ಬಹಳ ಹೊತ್ತು ಗುಡ್ಡವನ್ನೇ ನೋಡಿದರು.
ಆಮೇಲೆ ಬೂಟು ಕಳಚಿ, ಕಾಲುಚೀಲ ಅದರೊಳಗೆ ತುರುಕಿ,
ಎಂಬತ್ತು ದಾಟಿದ ಮಂಡಿಗಳನ್ನು ಲಟಕ್ಕೆಂದು ಮಡಿಸಿ
ಗುರುಬಾಯಿಯ ಪಕ್ಕದಲ್ಲಿ ಕೂತರು.
"ಅಯ್ಯ, ಅದಲ್ಲೋ ಮುತ್ಯಾ! ಅದು ಹುಲ್ಲು!"
ಕೈಯ ಮೇಲೊಂದು ಏಟು ಕೊಟ್ಟು ಬಿಡಿಸಿದಳು.
ಎರಡನೆಯ ಸಲ ಸರಿಯಾದದ್ದನ್ನೇ ಕಿತ್ತರು, ಬೇರು ಸಮೇತ.
ಮೂಸಿ, ಅದಕ್ಕೆ ಅಜ್ಜಿ ಕರೆಯುತ್ತಿದ್ದ ಹೆಸರು ಹೇಳಿದರು.
ಗುರುಬಾಯಿ ತಮ್ಮೂರಿನ ಹೆಸರು ಹೇಳಿದಳು.
ನನಗೆ ಎರಡೂ ಹೊಸವು.
ದಿನಕ್ಕೆ ನಾಲ್ಕು ಸಾವಿರ ಎಣಿಸುವ ದುಭಾಷಿ
ಬೂಟು ಕಾಯುತ್ತ ನಿಂತಳು.

ಹತ್ತೂವರೆಗೆ ತೋಟ ಮುಚ್ಚುತ್ತದೆ.
ಕಾವಲಿನ ಗಾಯಕವಾಡ ಶಿಳ್ಳೆ ಊದುತ್ತ ಬಂದ,
ಹುಲ್ಲಿನ ಮೇಲೆ ಕೂಡ್ರುವಂತಿಲ್ಲ ಎಂದು ಮರಾಠಿಯಲ್ಲಿ ಬೈದ.
ಅದು ಮೂವರಿಗೂ ತಿಳಿಯಿತು.
ಒಂದು ರೆಟ್ಟೆ ನಾನು, ಒಂದು ರೆಟ್ಟೆ ಅವಳು ಹಿಡಿದು ಎಬ್ಬಿಸಿದೆವು.
ಬಿಳಿಯ ಅಂಗಿಯ ತೋಳಿನ ಮೇಲೆ ಅವಳ ಐದು ಬೆರಳು.

ಗೇಟಿನ ಕಲ್ಲಿನ ಮೇಲೆ ಕೂತು ಬೂಟಿನ ದಾರ ಕಟ್ಟುತ್ತ ಕೇಳಿದರು:
ಬೆಳಿಗ್ಗೆ ಕಂಡ ಆ ಕಂಬದ ಕುಳಿಗಳು ಎಷ್ಟಿದ್ದವು?
ಎಣಿಸಿರಲಿಲ್ಲ.
ಗೊತ್ತಿಲ್ಲ, ಎಂದೆ, ಈ ಸಲ
ಕೆಳಗಿನ ಮೆಟ್ಟಿಲಿನದು,
ಮನೆಯವರ ಹತ್ತಿರ ಆಡುವುದು.