ಮೂರನೇ ಕುರಿಗಾಹಿ

ಸಿನಿಮಾದ ಕ್ರಿಸ್‌ಮಸ್ಸಿಗೆಲ್ಲ ಹಿಮ ಬೀಳುತ್ತದೆ.
ಹಾಸನದ ಸಾಲಗಾಮೆ ರಸ್ತೆಗೆ ಬೀಳುವುದು
ಅವರೆಕಾಯಿ ಸಿಪ್ಪೆ.

ಅನಿಮೆಯವರದ್ದು ಇನ್ನೊಂದು ಥರ:
ಸ್ಟ್ರಾಬೆರಿ ಕೇಕಿನ ಮುಂದೆ ಹುಡುಗಿ
ಏನೋ ಹೇಳಹೊರಟು ಸುಮ್ಮನಾಗುತ್ತಾಳೆ.
ಸಬ್‌ಟೈಟಲ್ಲಿಗೂ ಅಲ್ಲಿ ಮಾತಿಲ್ಲ, ಬರೀ ಮೂರು ಚುಕ್ಕಿ.
ಆ ಚುಕ್ಕಿಗಳಿಗೆ ಎಷ್ಟು ಸಲ ಅತ್ತಿದ್ದೇನೋ,
ಬೇಳೆ ಹಿತಕುವ ಕೈಯಲ್ಲೇ ಕಣ್ಣೊರೆಸಿಕೊಂಡು.

ಈ ಸಲ ಗೋದಲಿಯಲ್ಲಿ
ಮೂರನೇ ಕುರಿಗಾಹಿಯ ಕಾಲು ಮುರಿದಿತ್ತು.
ಅವನ ಜಾಗಕ್ಕೆ ನನ್ನ ಕಪಾಟಿನ ಕತ್ತಿವೀರನನ್ನು ನಿಲ್ಲಿಸಿದೆ:
ನೀಲಿ ಕೂದಲು, ಅರ್ಧ ಮುಖ ಕಣ್ಣೇ.

ಫಾದರ್ ಬಂದರು, ಬಗ್ಗಿ ನೋಡಿದರು.
‘ಇರಲಿ ಜೆಸಿಂತಾ, ಕತ್ತಿ ಮಾತ್ರ ಇಸ್ಕೊ.’

ಇಸ್ಕೊಂಡೆ.
ಈಗ ಅವನ ಮುಷ್ಟಿಯಲ್ಲಿ ಒಂದು ತೂತು.
ಹುಲ್ಲಿನ ಮೇಲಿನ ಮಗುವಿನತ್ತ
ಕೈ ಚಾಚಿ ನಿಂತಿದ್ದಾನೆ,
ಮುಂದಿನ ಎಪಿಸೋಡು ಗೊತ್ತಿಲ್ಲದವನ ಹಾಗೆ.