ಒಂದು ಮೀಟರ್

ನಾಲ್ಕು ವರ್ಷ ಕೂತದ್ದು ಪಾಲಿಕೆಯ ಮೇಲಿನ ಮಹಡಿಯಲ್ಲಿ.
ಫ್ಯಾನು ತಿರುಗಿದರೆ ನಕ್ಷೆಗಳು ಏಳುತ್ತಿದ್ದವು;
ಮೂಲೆಗೊಂದು ಪರ್ಸಿಕಲ್ಲಿನ ಚೂರು ಹೇರಿ
ಇಡೀ ಓಣಿಗಳನ್ನು ಹಿಡಿದಿಡುತ್ತಿದ್ದೆ.

ಕಾಗದದ ಮೇಲೆ ಕಲಬುರಗಿ ಬಲು ಶಿಸ್ತಿನ ಊರು.
ಪ್ರತಿ ಮನೆ ಪಕ್ಕದ ಮನೆಗೆ ಒಂದು ಮೀಟರ್ ಬಿಟ್ಟು ನಿಂತಿತ್ತು.
ಅಡುಗೆಮನೆಗೆ ಕಿಟಕಿ, ಕಿಟಕಿಗೆ ಗಾಳಿ,
ಉತ್ತರದ ಬಾಣ ಉತ್ತರಕ್ಕೇ.
ಮತ್ತೆ ಎಲ್ಲ ನಕ್ಷೆಯಲ್ಲೂ ಒಂದೇ ಗಿಡ,
ನಕ್ಷೆಗಾರ ರೇವಪ್ಪನ ಕಂಪ್ಯೂಟರಿನಲ್ಲಿ ಇದ್ದದ್ದೇ ಅದೊಂದು:
ದುಂಡಗೆ, ಮೇಲಿನಿಂದ ಹಕ್ಕಿ ಕಂಡ ಹಾಗೆ, ಹದಿನಾರು ಎಲೆ.
ಮೊದಲ ವಾರ ಎಣಿಸಿದ್ದೆ. ಆಮೇಲೆ ಕಣ್ಣಿಗೇ ಬೀಳಲಿಲ್ಲ.
ಕೆಂಪು ಶಾಯಿಯಲ್ಲಿ ಅಳತೆಗೆ ಟಿಕ್, ಮೆಟ್ಟಿಲಿಗೆ ಟಿಕ್,
ಗಿಡಕ್ಕೆ ಯಾರು ಟಿಕ್ ಹಾಕುತ್ತಾರೆ?
ಷರತ್ತಿಗೊಳಪಟ್ಟು ಮಂಜೂರು. ಸಹಿ. ಚಹಾ.

ಆಮೇಲೆ ನೀರಿನ ಲೈನಿನ ಕೆಲಸಕ್ಕೆ ಹಾಕಿದರು.

ಅವೇ ಓಣಿಗಳಿಗೆ ಈಗ ಕಾಲಿನಿಂದ ಬಂದೆ.
ಎಲ್ಲಿ ಒಂದು ಮೀಟರ್?
ಗೋಡೆ ಗೋಡೆಗೆ ಹೆಗಲು ಕೊಟ್ಟಿತ್ತು,
ನಡುವೆ ಒಂದು ಹಲ್ಲಿಗೆ ಸಾಲುವಷ್ಟು ಕತ್ತಲೆ.
ಅಗೆದಲ್ಲೆಲ್ಲ ಎರೆಮಣ್ಣು, ಅದರಡಿ ಮುರುಮು,
ಅದರಡಿ ಹಿಂದಿನ ಇಂಜಿನಿಯರುಗಳ ಮರೆವು:
ಸೀಸದ ಬೆಸುಗೆಯ ಬೀಡು ಪೈಪು, ಸತ್ತ ಫೋನಿನ ಕೇಬಲ್ಲು,
ಇನ್ನೊಂದು ಯಾರದೂ ಅಲ್ಲದ್ದು.

ನಕ್ಷೆ ಇದ್ದದ್ದು ವಾಲ್‌ಮನ್ ಲಾಡ್ಲೇಸಾಬನ ಮೊಳಕಾಲಿನಲ್ಲಿ.
"ಬೇವಿನ ಗಿಡದಿಂದ ಹನ್ನೆರಡು ಹೆಜ್ಜಿ ಬರ್ರಿ ಮೇಡಂ, ಅಲ್ಲಿ ಟೀ ಅದ."
"ಬೇವಿನ ಗಿಡ ಎಲ್ಲದ?"
"ಕಡದು ಎಂಟು ವರ್ಷ ಆಯ್ತ್ರಿ. ಹೆಜ್ಜಿ ಹಂಗೇ ಅವ."
ಅಗೆದೆವು. ಇತ್ತು.
ರಾತ್ರಿ ರಸ್ತೆಗೆ ಸಲಾಕಿ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು,
"ಇಲ್ಲಿ ಸೋರಲಾಕ್ಹತ್ಯಾದ, ಕೇಳ್ರಿ" ಅಂದ.
ನನಗೆ ಕೇಳಿದ್ದು ನನ್ನದೇ ನಾಡಿ.

ಬ್ರಹ್ಮಪುರದ ಒಂದು ತಿರುವಿನಲ್ಲಿ ಲೈನು ನಿಂತಿತು.
ಮುಂದೆ ಬಂಡೆ, ಎಡಕ್ಕೆ ಚರಂಡಿ,
ಆಚೆ ಓಣಿಗೆ ಕೂಡಲು ಉಳಿದದ್ದು ಒಂದೇ ಸಂದಿ,
ಹಿಟ್ಟಿನ ಗಿರಣಿಯ ಜಗದೇವಿಯ ಮನೆ ಪಕ್ಕದ್ದು.
ಟೇಪು ಹಿಡಿದೆ. ನಂಬದೆ ಮತ್ತೊಮ್ಮೆ ಹಿಡಿದೆ.
ಒಂದು ಮೀಟರ್, ಮೇಲೆ ಎರಡು ಸೆಂಟಿ.
ಇಡೀ ಓಣಿಗೆ ಒಬ್ಬಳು ಬಿಟ್ಟಿದ್ದಳು,
ಅಗೆಯಬೇಕಾದದ್ದು ಅವಳದನ್ನೇ.
ಸಂದಿಯ ನಟ್ಟನಡುವೆ ಒಂದು ಲಿಂಬಿ ಗಿಡ.

"ಇದ್ಯಾಕ ಹಚ್ಚೀರಿ ಇಲ್ಲಿ?"
ಅವಳು ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತಂದಳು,
ಬಿಡಿಸಿದ ನಕ್ಷೆಯ ಮೇಲೆ ಜೋಳದ ಹಿಟ್ಟಿನ ಬೆರಳು,
ಬೆರಳಿನ ಕೆಳಗೆ ನನ್ನ ಸಹಿ.
"ನಕ್ಷಾದಾಗ ಇತ್ತಲ್ರಿ ಗಿಡ, ಇಲ್ಲೇ ತೋರಿಸ್ಯಾರ.
ಹಚ್ಚಲಿಲ್ಲಂದ್ರ ನಳ ಕೊಡಂಗಿಲ್ಲಂತ ತಿಳದೆ.
ಯಾ ಗಿಡ ಅಂತ ಬರದಿರಲಿಲ್ಲ. ಅದಕ್ಕ ಲಿಂಬಿ."
ಎರಡು ಸಲ ಒಣಗಿತ್ತಂತೆ, ಮೂರನೆಯದಂತೆ ಇದು.
ಐದು ದಿನಕ್ಕೊಮ್ಮೆ ಬರುವ ನೀರಿನಲ್ಲಿ ಒಂದು ಚರಿಗಿ ಇದರ ಪಾಲು.

ಜೆಸಿಬಿಯವ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ.
ಲಾಡ್ಲೇಸಾಬ ಬೇರೆ ಕಡೆ ನೋಡಿದ.
"ತಗೀಬೇಕಂದ್ರ ತಗೀರಿ," ಅಂದಳು ಜಗದೇವಿ,
"ಖರೆ, ಕಾಗದದಾಗಿಂದೂ ತಗೀರಿ.
ನಾಳಿ ಮತ್ತೊಬ್ರು ಬಂದು ಗಿಡ ಎಲ್ಲಿ ಅಂದಾರು."

ಕೈಯಿಂದಲೇ ಅಗೆದೆವು, ಎರಡು ದಿನ.
ಇಪ್ಪತ್ತೆರಡೂವರೆ ಡಿಗ್ರಿಯ ನಾಲ್ಕು ಬೆಂಡು,
ಬೇರಿಗೆ ಒಂದು ಗೇಣು ಮರ್ಯಾದೆ ಬಿಟ್ಟು
ಪೈಪು ಬಳಸಿ ಹೋಯಿತು.
ಅಳತೆ ಪುಸ್ತಕದಲ್ಲಿ ಬರೆದೆ: ಅಡಚಣೆ ತಪ್ಪಿಸಲು.

ಈಗ ಆಡಿಟ್ಟಿನ ಕಾಗದ ಬಂದಿದೆ, ಅವರದೂ ಕೆಂಪು ಶಾಯಿ.
ಯಾವ ಅಡಚಣೆ? ಬೆಂಡುಗಳ ಮೊತ್ತವನ್ನು ತಮ್ಮಿಂದ ಏಕೆ ವಸೂಲು ಮಾಡಬಾರದು?
ಉತ್ತರಕ್ಕೆ ಹದಿನೈದು ದಿನ. ಹನ್ನೆರಡು ಹೋದವು.

ಹಳೆಯ ನಕ್ಷೆಯ ಪ್ರತಿ ತೆಗೆಸಿ, ರೇವಪ್ಪನಿಗೆ ಫೋನು ಮಾಡಿದೆ.
ನೀ ಹಾಕ್ತಿದ್ದಿಯಲ್ಲ, ಆ ಗಿಡ ಯಾವುದು?

"ಯಾವದೂ ಅಲ್ರಿ ಮೇಡಂ," ಅಂದ.
"ಅದು ಸಾಫ್ಟ್‌ವೇರಿನ ಜೋಡಿ ಬಂದದ್ದು."