ಆರು ಜೋಡಿ

ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ.
ಕೆಳಗೆ ಮಂಜುಗಡ್ಡೆ ಪುಡಿಯಾಗುವ ಸದ್ದು,
ಮೇಲೆ ನಾನು, ಬರೆಯದೆ ಉಳಿದ ಒಂದು ಪುಟ.
ಬರೆಯಬೇಕಾದದ್ದು ಇಷ್ಟೇ:
ಕರ್ನೆಲ್ಲಿನ ಒಳಗಿಂದ ಒಂದು ಯಂತ್ರದ ವಿಳಾಸವನ್ನು
ಕಣ್ಣಿಗೆ ಕಾಣುವಂತೆ ಮುದ್ರಿಸುವುದು ಹೇಗೆ.

ಮೊದಲು ಒಬ್ಬೊಬ್ಬರದು ಒಂದೊಂದು ರೀತಿ ಇತ್ತು.
ಆರು ಬೈಟಿಗೆ ಆರು ಸಲ ಅದೇ ಮಾತು;
ಐದನೆಯದರ ಹೊತ್ತಿಗೆ ಯಾರಿಗೋ ಆಕಳಿಕೆ ಬಂದು
ಸೊನ್ನೆಯೊಂದು ಜಾರಿಹೋಗುತ್ತಿತ್ತು.
ಈಗ ಒಂದೇ ಚಿಹ್ನೆ. ಪರ್ಸೆಂಟ್, ಪಿ, ದೊಡ್ಡ ಎಂ.
ಬೈಟುಗಳನ್ನು ಕೈಗೆ ಕೊಡಬೇಡ, ಅವಿರುವ ಜಾಗ ತೋರಿಸು.
ಮೀನು ಹೊತ್ತು ತರಬೇಡ, ಬುಟ್ಟಿ ಎಲ್ಲಿದೆ ಹೇಳು,
ನಾನೇ ಹೋಗಿ ಎಣಿಸುತ್ತೇನೆ ಎಂದ ಹಾಗೆ.
ಇದನ್ನು ಬರೆದು ಅಳಿಸಿದೆ.
ದಾಖಲೆಯಲ್ಲಿ ಮೀನು ನಾರಬಾರದಂತೆ.

ದೊಡ್ಡ ಎಂ ಬರೆದರೆ ಜೋಡಿಗಳ ನಡುವೆ ಎರಡು ಚುಕ್ಕಿ.
ಅದರ ಬೆನ್ನಿಗೆ ಎಫ್ ಕಟ್ಟಿದರೆ ಅಡ್ಡಗೆರೆ.
ಚಿಕ್ಕ ಎಂ ಆದರೆ ನಡುವೆ ಏನೂ ಇಲ್ಲ,
ಹನ್ನೆರಡೂ ಅಕ್ಷರ ಹೆಗಲಿಗೆ ಹೆಗಲು
ಅಂಕೋಲೆಯ ಕೊನೆಯ ಬಸ್ಸಿನಲ್ಲಿ ನಿಂತವರಂತೆ.
ಆರ್ ಸೇರಿಸಿದರೆ

ಇಲ್ಲಿಗೆ ಬಂದರೆ ನನ್ನ ಕೈ ನಿಲ್ಲುತ್ತದೆ.

ಕಳೆದ ಸೆಪ್ಟೆಂಬರ್. ಹಳದಿ ಜಾಕೀಟುಗಳ ಒಳಗೆ
ಬೆರಳಗಲದ ಬ್ಲೂಟೂತ್ ಬಿಲ್ಲೆ ಹೊಲಿಸಿದ್ದೆವು,
ಜೆಟ್ಟಿಯ ಕಂಬಕ್ಕೆ ಅದನ್ನು ಕೇಳುವ ಪೆಟ್ಟಿಗೆ.
ದೋಣಿ ಒಳಬಂದರೆ ಪಟ್ಟಿಯಲ್ಲಿ
ಹೆಸರಿನ ಮುಂದೆ 'ಬಂದ' ಎಂದು ಬೀಳುತ್ತಿತ್ತು.
ಮುದಗಾದ ಪೆಟ್ಟಿಗೆ ಹೊಸದು, ಹಿಂದಿನ ದಿನವಷ್ಟೇ ಕೂರಿಸಿದ್ದು,
ಅದರ ಡ್ರೈವರ್ ಬರೆದವಳು ನಾನು.

ಆ ರಾತ್ರಿ ಗಾಳಿ. ಹನ್ನೊಂದು ಜನ ಬಂದರು.
ಉಲ್ಲಾಸ ತಾಂಡೇಲನ ಮುಂದೆ ಖಾಲಿ.
ಅವನ ತಾಯಿ ಶೇವಂತಿ ಈ ಕೋಣೆಯ ಮೆಟ್ಟಿಲ ಮೇಲೆ ಕೂತು
ಗಂಟೆಗೊಮ್ಮೆ ಕೇಳಿದಳು, 'ಓದು ಬಾಯಿ, ಇನ್ನೊಮ್ಮೆ ಓದು.'
ಓದಿದೆ. ಅದೇ ಖಾಲಿ.
ಪರದೆಯ ಮೂಲೆಯಲ್ಲಿ ಮುದಗಾದಿಂದ
ಅರ್ಧ ನಿಮಿಷಕ್ಕೊಮ್ಮೆ ಯಾರದೋ ವಿಳಾಸ ಬರುತ್ತಲೇ ಇತ್ತು,

5d:e2:13:0a:7f:c4

ದಾರಿಹೋಕನ ಕಿವಿಗೆ ಸಿಕ್ಕಿಸಿದ ಯಂತ್ರವಿರಬೇಕೆಂದು
ಅದನ್ನು ಕೆಳಗೆ ಸರಿಸಿದೆ.
ಮತ್ತೆ ಬಂತು. ಮತ್ತೆ ಸರಿಸಿದೆ.

ಬೆಳಗಿನ ಜಾವ ಪುರ್ಸು ಹರಿಕಂತ್ರ ಚಹಾ ಹಿಡಿದು ಬಂದ,
ದೋಣಿಗಳ ಮೈಮೇಲೆ ನಂಬರು ಬರೆಯುವವ.
ಉಗುರುಗಳಲ್ಲಿ ನೀಲಿ ಬಣ್ಣ.
ಗೋಡೆಯ ಪಟ್ಟಿ ನೋಡಿದ, ಪರದೆ ನೋಡಿದ, ಪಟ್ಟಿ ನೋಡಿದ:

c4:7f:0a:13:e2:5d

'ನಂಗೆ ಇಂಗ್ಲಿಷ್ ಓದೂಕೆ ಬರೂದಿಲ್ಲ ತಂಗಿ, ಆಕಾರ ಬರ್ತದೆ.
ಇದು ಅದೇಯ. ಕಡೇ ಜೋಡಿ ಮೊದಲು ಬಂದದೆ, ನೋಡು.'

ಮೊದಲು ಹತ್ತಿದವ ಕೊನೆಗೆ ಇಳಿಯುವಂತೆ,
ಆದರೆ ಯಾರೂ ಹಿಮ್ಮುಖವಾಗಿ ನಡೆಯದಂತೆ:
ಏಳರ ಪಕ್ಕ ಎಫ್ ಹಾಗೆಯೇ ಇತ್ತು,
ಸೊನ್ನೆಯ ಪಕ್ಕ ಎ.

ಉಲ್ಲಾಸ ಮುದಗಾದ ಬಲೆಮನೆಯಲ್ಲಿ ಮಲಗಿದ್ದ.
ಪಾತಿ ಗಾಳಿಗೆ ಹೆದರಿ ಅಲ್ಲಿಗೇ ಸೇರಿತ್ತು,
ಫೋನು ಉಪ್ಪುನೀರು ಕುಡಿದಿತ್ತು,
ಎದೆಯ ಮೇಲಿನ ಬಿಲ್ಲೆ ಮಾತ್ರ ಇಡೀ ರಾತ್ರಿ
ಬಂದೆ, ಬಂದೆ, ಬಂದೆ ಎನ್ನುತ್ತಿತ್ತು.

ಶೇವಂತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಮೆಟ್ಟಿಲಿಂದ ಎದ್ದು ಮಂಡಿ ಹಿಡಿದುಕೊಂಡು
'ಎಷ್ಟು ಬಿಟ್ಟಿದ್ದೆ?' ಅಂದಳು.
'ಒಂದಕ್ಷರ' ಅಂದೆ.
'ಹೌದಾ' ಅಂದು ಮೊದಲ ಬಸ್ಸಿಗೆ ನಡೆದಳು.

ಪುಟ ಈಗ ಹೀಗಿದೆ:
ಆರ್: ಬೈಟುಗಳ ಕ್ರಮ ಹಿಂದುಮುಂದಾಗುತ್ತದೆ.
ಬ್ಲೂಟೂತ್ ವಿಳಾಸಗಳಿಗೆ ಇದನ್ನೇ ಬಳಸಿ.
ಕೊನೆಯ ಜೋಡಿ ಅಲ್ಲಿ ಮೊದಲು ಕೂತಿರುತ್ತದೆ.

'ಯಾಕೆ' ಎಂಬ ಸಾಲು ಸೇರಿಸಲೇ ಎಂದು ಕೂತಿದ್ದೇನೆ.
ಕೆಳಗೆ ಐಸ್ ಯಂತ್ರ ಮತ್ತೆ ಶುರುವಾಗಿ
ಬಲ್ಬು ಒಮ್ಮೆ ಮಂಕಾಗುತ್ತದೆ.
ಪುರ್ಸು ಹೊಸ ದೋಣಿಯೊಂದಕ್ಕೆ ನಂಬರು ಬರೆಯುತ್ತಿದ್ದಾನೆ,
ಮುಂದಿನ ಸೊನ್ನೆಯನ್ನು ಬಿಡದೆ,
ಬ್ರಷ್ಷನ್ನು ಎರಡು ಸಲ ಸುತ್ತಿಸಿ.